ಡೀಸೆಲ್ ಇಂಜೆಕ್ಷನ್ ಪಂಪಿನ ಟೈಮಿಂಗ್: ಯಾವ ಸಾಧನ ಯಾವ ಕ್ಷಣವನ್ನು ಅಳೆಯುತ್ತದೆ?

ಡೀಸೆಲ್ ಎಂಜಿನ್ನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇರುವುದಿಲ್ಲ. ಸಿಲಿಂಡರಿನೊಳಗೆ ಗಾಳಿಯು ಒತ್ತಡಕ್ಕೆ ಸಿಲುಕಿ ಕಾದಿರುವಾಗ ಇಂಧನ ಒಳಗೆ ಚಿಮ್ಮುವ ಗಳಿಗೆಯೇ ಉರಿ ಯಾವಾಗ ಹತ್ತಬೇಕೆಂಬುದನ್ನು ತೀರ್ಮಾನಿಸುತ್ತದೆ. ಆದ್ದರಿಂದ ಇಂಜೆಕ್ಷನ್ ಪಂಪಿಗೆ ಎರಡು ಹೊಣೆಗಳಿವೆ: ಎಷ್ಟು ಇಂಧನ ಕೊಡಬೇಕೆಂಬುದು ಒಂದು, ಯಾವ ಕ್ಷಣದಲ್ಲಿ ಕೊಡಬೇಕೆಂಬುದು ಇನ್ನೊಂದು. ಈ ಎರಡನೆಯ ಹೊಣೆಯನ್ನು ಕ್ರ್ಯಾಂಕ್ ಶಾಫ್ಟಿನ ತಿರುಗುವಿಕೆಗೆ ಸರಿಯಾಗಿ ಜೋಡಿಸಿಕೊಡುವ ಕೆಲಸವನ್ನೇ ನಾವು ಪಂಪ್ ಟೈಮಿಂಗ್ ಹೊಂದಿಸುವುದು ಎನ್ನುತ್ತೇವೆ.

ಈ ಕೆಲಸಕ್ಕೆ ಬಳಸುವ ಸಾಧನಗಳು ಹಲವು. ಸ್ಪಿಲ್ ಪೈಪ್, ಡಯಲ್ ಗೇಜ್, ಟೈಮಿಂಗ್ ಪಿನ್, ಇಂಧನ ಪೈಪಿಗೆ ಕಚ್ಚಿಸುವ ಪೀಜೋ ಕ್ಲ್ಯಾಂಪ್, ಉರಿಯ ಬೆಳಕನ್ನು ನೋಡುವ ಸೆನ್ಸರ್ ಇವೆಲ್ಲವೂ ಒಂದೇ ಪ್ರಶ್ನೆಗೆ ಉತ್ತರ ಕೊಡುತ್ತವೆ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಇವುಗಳಲ್ಲಿ ಒಂದೊಂದೂ ಬೇರೆ ಬೇರೆ ಘಟನೆಯನ್ನು ಅಳೆಯುತ್ತದೆ, ಮತ್ತು ಒಂದು ಸಾಧನದಿಂದ ಬಂದ ಸಂಖ್ಯೆಯನ್ನು ಇನ್ನೊಂದು ಸಾಧನಕ್ಕಾಗಿ ಬರೆದ ಸಂಖ್ಯೆಯೊಡನೆ ಹೋಲಿಸಿದರೆ ಎಂಜಿನ್ ಹಾಳಾಗುವಷ್ಟು ದೊಡ್ಡ ತಪ್ಪು ಆಗಬಹುದು. ಈ ವ್ಯತ್ಯಾಸ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತರೆ ಉಳಿದ ಕ್ರಮಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ ಎಂಬುದು ನನ್ನ ನಂಬಿಕೆ.

ಪ್ಲಂಜರಿನಿಂದ ಉರಿಯವರೆಗೆ

ಪಂಪಿನೊಳಗೆ ಇಂಧನವನ್ನು ಒತ್ತುವ ದಂಡವಾದ ಪ್ಲಂಜರ್ ಮೇಲೇರುತ್ತ, ತನ್ನನ್ನು ಸುತ್ತುವರಿದ ಕೊಳವೆಯಾದ ಬ್ಯಾರೆಲ್ಲಿನ ರಂಧ್ರವನ್ನು ಮುಚ್ಚಿದಾಗ ಇಂಧನಕ್ಕೆ ಹಿಂದೆ ಹೋಗುವ ದಾರಿ ತಪ್ಪಿಹೋಗುತ್ತದೆ. ಇದು ಮೊದಲ ಘಟನೆ. ಇದನ್ನು ಡೆಲಿವರಿಯ ಆರಂಭ ಎನ್ನುತ್ತಾರೆ. ಬಳಿಕ ಒತ್ತಡ ಏರಿ ಡೆಲಿವರಿ ವಾಲ್ವ್ ತೆರೆಯುತ್ತದೆ, ಒತ್ತಡದ ಅಲೆ ಉಕ್ಕಿನ ಪೈಪಿನುದ್ದಕ್ಕೂ ಸಾಗಿ ಇಂಜೆಕ್ಟರನ್ನು ತಲುಪುತ್ತದೆ, ಅಲ್ಲಿ ನಾಜಲ್ಲಿನ ಸೂಜಿ ಸ್ಪ್ರಿಂಗಿನ ಬಿಗಿತವನ್ನು ಮೀರಿ ಮೇಲೇಳುತ್ತದೆ. ಇದು ಇಂಜೆಕ್ಷನ್ನಿನ ಆರಂಭ. ಚಿಮ್ಮಿದ ಇಂಧನ ತಕ್ಷಣ ಹೊತ್ತಿಕೊಳ್ಳುವುದಿಲ್ಲ. ಅದು ಹನಿಗಳಾಗಿ ಒಡೆದು, ಆವಿಯಾಗಿ, ಗಾಳಿಯೊಡನೆ ಬೆರೆತು, ಅಗತ್ಯ ತಾಪಕ್ಕೆ ಬಂದ ಮೇಲೆಯೇ ಉರಿ ಹತ್ತುತ್ತದೆ. ಈ ನಡುವಿನ ಅವಧಿಯನ್ನು ಇಗ್ನಿಷನ್ ಡಿಲೇ ಎನ್ನುತ್ತಾರೆ.

ಇವುಗಳ ನಡುವಿನ ಅಂತರ ಎಷ್ಟು ಎಂಬುದನ್ನು ಒಂದು ಲೆಕ್ಕದಿಂದ ನೋಡಬಹುದು. ಎಂಜಿನ್ ನಿಮಿಷಕ್ಕೆ 1800 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 30 ಸುತ್ತು, ಅಂದರೆ 10,800 ಡಿಗ್ರಿ; ಮಿಲಿಸೆಕೆಂಡಿಗೆ 10.8 ಡಿಗ್ರಿ. ಡೀಸೆಲ್ಲಿನಲ್ಲಿ ಒತ್ತಡದ ಅಲೆ ಸೆಕೆಂಡಿಗೆ ಸುಮಾರು 1400 ಮೀಟರ್ ವೇಗದಲ್ಲಿ ಸಾಗುತ್ತದೆಂದು ಇಟ್ಟುಕೊಂಡರೆ 700 ಮಿಲಿಮೀಟರ್ ಉದ್ದದ ಪೈಪನ್ನು ದಾಟಲು ಅರ್ಧ ಮಿಲಿಸೆಕೆಂಡ್ ಬೇಕು. ಅಷ್ಟರಲ್ಲಿ ಕ್ರ್ಯಾಂಕ್ 5.4 ಡಿಗ್ರಿ ತಿರುಗಿರುತ್ತದೆ. ಇಗ್ನಿಷನ್ ಡಿಲೇ ಒಂದು ಮಿಲಿಸೆಕೆಂಡ್ ಇದ್ದರೆ ಇನ್ನೂ 10.8 ಡಿಗ್ರಿ ಕಳೆಯುತ್ತದೆ. ಹೀಗಾಗಿ ಪಿಸ್ಟನ್ ತುದಿ ಮುಟ್ಟುವುದಕ್ಕೆ, ಅಂದರೆ ಟಿಡಿಸಿಗೆ, 24 ಡಿಗ್ರಿ ಮುಂಚೆ ಪ್ಲಂಜರ್ ರಂಧ್ರವನ್ನು ಮುಚ್ಚಿದರೂ ನಾಜಲ್ ತೆರೆಯುವುದು ಸುಮಾರು 18.6 ಡಿಗ್ರಿ ಮುಂಚೆ, ಉರಿ ಹತ್ತುವುದು ಸುಮಾರು 8 ಡಿಗ್ರಿ ಮುಂಚೆ. ಒಂದೇ ಎಂಜಿನ್, ಒಂದೇ ಪಂಪ್, ಒಂದೇ ಜೋಡಣೆ. ಆದರೂ 24, 18.6, 8 ಎಂಬ ಮೂರು ಸಂಖ್ಯೆಗಳೂ ತಮ್ಮ ತಮ್ಮ ಅರ್ಥದಲ್ಲಿ ಸರಿಯೇ. ಕೈಪಿಡಿಯಲ್ಲಿ ಬರೆದಿರುವ ಡಿಗ್ರಿ ಯಾವ ಘಟನೆಗೆ ಸೇರಿದ್ದು, ಅದನ್ನು ಎಂಜಿನ್ ನಿಂತಿರುವಾಗ ಅಳೆಯಬೇಕೋ ಓಡುತ್ತಿರುವಾಗ ಅಳೆಯಬೇಕೋ ಎಂಬುದನ್ನು ಓದದೆ ಸ್ಪ್ಯಾನರ್ ಹಿಡಿಯಬಾರದು ಎನ್ನುವುದಕ್ಕೆ ಇದೇ ಕಾರಣ.

ವೇಗ ದುಪ್ಪಟ್ಟಾದರೆ ಪೈಪಿನಲ್ಲಿ ಕಳೆಯುವ ಡಿಗ್ರಿಯೂ ದುಪ್ಪಟ್ಟಾಗುತ್ತದೆ. ಅದನ್ನು ಸರಿದೂಗಿಸಲು ಪಂಪಿಗೆ ತಾನಾಗಿ ಅಡ್ವಾನ್ಸ್ ಆಗುವ, ಅಂದರೆ ಇಂಧನವನ್ನು ಇನ್ನಷ್ಟು ಮುಂಚಿತವಾಗಿ ಕೊಡುವ ವ್ಯವಸ್ಥೆ ಬೇಕಾಯಿತು. ಸಾಲಾಗಿ ಪ್ಲಂಜರುಗಳಿರುವ ಇನ್‌ಲೈನ್ ಪಂಪುಗಳ ಡ್ರೈವಿನಲ್ಲಿ ಹೊರಕ್ಕೆ ಸಿಡಿಯುವ ತೂಕಗಳಿಂದ ಇದನ್ನು ಸಾಧಿಸುತ್ತಾರೆ. ಬಾಷ್ ಕಂಪನಿಯ ವಿಇ ಮಾದರಿಯ ಪಂಪಿನಲ್ಲಿ ಒಳಗಿನ ಸಪ್ಲೈ ಪಂಪಿನ ಒತ್ತಡ ವೇಗದೊಡನೆ ಏರಿ, ಒಂದು ಚಿಕ್ಕ ಪಿಸ್ಟನ್ನನ್ನು ತಳ್ಳಿ, ರೋಲರುಗಳ ಉಂಗುರವನ್ನು ತುಸು ತಿರುಗಿಸುತ್ತದೆ. ನಾವು ಕೈಯಿಂದ ಹೊಂದಿಸುವುದು ಈ ವ್ಯವಸ್ಥೆಯ ಆರಂಭದ ನೆಲೆಯನ್ನು ಮಾತ್ರ. ಅಲ್ಲಿಂದ ಮುಂದಿನದನ್ನು ಪಂಪ್ ನೋಡಿಕೊಳ್ಳುತ್ತದೆ.

ಮೊದಲು ಟಿಡಿಸಿ ನಿಜವಾಗಿರಬೇಕು

ಸೊನ್ನೆ ತಪ್ಪಿದ ತಕ್ಕಡಿಯಲ್ಲಿ ಎಷ್ಟು ಜಾಗ್ರತೆಯಿಂದ ತೂಗಿದರೂ ತೂಕ ತಪ್ಪೇ. ಟೈಮಿಂಗಿನಲ್ಲಿ ಆ ಸೊನ್ನೆ ಎಂದರೆ ಒಂದನೇ ಸಿಲಿಂಡರಿನ ಟಿಡಿಸಿ. ಫ್ಲೈವೀಲಿನ ಅಥವಾ ಮುಂದಿನ ಪುಲ್ಲಿಯ ಮೇಲಿನ ಗುರುತನ್ನು ಎಲ್ಲರೂ ನಂಬುತ್ತಾರೆ. ಆದರೆ ಮುಂದಿನ ಪುಲ್ಲಿ ಹಲವು ಎಂಜಿನ್ನುಗಳಲ್ಲಿ ಎರಡು ಭಾಗಗಳ ನಡುವೆ ರಬ್ಬರ್ ಕೂರಿಸಿದ ಡ್ಯಾಂಪರ್ ಆಗಿರುತ್ತದೆ. ರಬ್ಬರ್ ಹಳತಾಗಿ ಜಾರಿದರೆ ಹೊರಗಿನ ಉಂಗುರದ ಮೇಲಿನ ಗುರುತು ತನ್ನ ಜಾಗ ಬಿಟ್ಟಿರುತ್ತದೆ. ಬೇರೆ ಎಂಜಿನ್ನಿನ ಪಾಯಿಂಟರನ್ನು ತಂದು ಕೂರಿಸಿರುವುದು, ಪಾಯಿಂಟರ್ ಬಾಗಿರುವುದು ಕೂಡ ಉಂಟು. ಹಳೆಯ ಎಂಜಿನ್ನಿನಲ್ಲಿ ಗುರುತನ್ನು ಒಮ್ಮೆ ಪರೀಕ್ಷಿಸಿಕೊಳ್ಳುವುದು ಎಂದೂ ವ್ಯರ್ಥವಲ್ಲ.

ಡಯಲ್ ಗೇಜನ್ನು ಪಿಸ್ಟನ್ನಿನ ಮೇಲಿಟ್ಟು ಮುಳ್ಳು ಎಲ್ಲಿ ತಿರುಗಿ ನಿಲ್ಲುತ್ತದೆ ಎಂದು ನೋಡಿದರೆ ಸಾಕಲ್ಲವೇ ಎಂದು ಕೇಳಬಹುದು. ಸಾಲದು. ಪಿಸ್ಟನ್ ತನ್ನ ಓಟದ ತುದಿಯಲ್ಲಿ ಹೆಚ್ಚುಕಡಿಮೆ ನಿಂತೇ ಇರುತ್ತದೆ. 100 ಮಿಲಿಮೀಟರ್ ಸ್ಟ್ರೋಕಿನ ಎಂಜಿನ್ನಿನಲ್ಲಿ, ಕನೆಕ್ಟಿಂಗ್ ರಾಡ್ ಸಾಮಾನ್ಯ ಉದ್ದದ್ದಾಗಿದ್ದರೆ, ಟಿಡಿಸಿಯಿಂದ ಒಂದು ಡಿಗ್ರಿ ಸರಿದಾಗ ಪಿಸ್ಟನ್ ಇಳಿಯುವುದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟು ಮಾತ್ರ. ಹತ್ತು ಡಿಗ್ರಿ ಸರಿದರೆ ಅದು ಸುಮಾರು ಒಂದು ಮಿಲಿಮೀಟರ್ ಇಳಿಯುತ್ತದೆ. ಆದ್ದರಿಂದ ತುದಿಯನ್ನೇ ಹುಡುಕುವ ಬದಲು ತುದಿಯ ಎರಡೂ ಬದಿಯಲ್ಲಿ ಒಂದೇ ಎತ್ತರದ ಎರಡು ಸ್ಥಾನಗಳನ್ನು ಗುರುತಿಸಿ, ಅವುಗಳ ನಡುಬಿಂದುವನ್ನು ಟಿಡಿಸಿ ಎಂದು ಹಿಡಿಯುವುದು ಹೆಚ್ಚು ನಿಖರವಾದ ದಾರಿ. ಗೇಜ್ ಇಲ್ಲದಿದ್ದರೆ ಪಿಸ್ಟನ್ನಿಗೆ ಅಡ್ಡ ನಿಲ್ಲುವ ಒಂದು ತಡೆಯನ್ನು ಕೂರಿಸಿ, ಎಂಜಿನ್ನನ್ನು ಕೈಯಿಂದ ಮೆಲ್ಲನೆ ಒಂದು ದಿಕ್ಕಿನಿಂದ ತಂದು ತಾಗಿಸಿ ಗುರುತು ಮಾಡಿ, ಇನ್ನೊಂದು ದಿಕ್ಕಿನಿಂದಲೂ ಹಾಗೆಯೇ ಮಾಡಿ, ನಡುವನ್ನು ಭಾಗಿಸಬಹುದು. ಈ ಒಂದು ಕೆಲಸದಲ್ಲಿ ಮಾತ್ರ ಎಂಜಿನ್ನನ್ನು ಹಿಂದಕ್ಕೆ ತಿರುಗಿಸಿ ಅಳತೆ ತೆಗೆಯಬಹುದು. ತಡೆ ಹಾಕಿರುವಾಗ ಸ್ಟಾರ್ಟರ್ ಮುಟ್ಟಬಾರದು.

ಟಿಡಿಸಿ ಸಿಕ್ಕಿದ ಮೇಲೆ ಅದು ಯಾವ ಟಿಡಿಸಿ ಎಂಬ ಪ್ರಶ್ನೆ ಉಳಿಯುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಒಂದನೇ ಪಿಸ್ಟನ್ ಎರಡು ಸುತ್ತಿನಲ್ಲಿ ಎರಡು ಸಲ ತುದಿಗೆ ಬರುತ್ತದೆ. ಒಮ್ಮೆ ಕಂಪ್ರೆಷನ್ನಿನ ಕೊನೆಗೆ, ಒಮ್ಮೆ ಎಕ್ಸಾಸ್ಟಿನ ಕೊನೆಗೆ. ಒಂದನೇ ಸಿಲಿಂಡರಿನ ಎರಡೂ ವಾಲ್ವುಗಳು ಮುಚ್ಚಿ, ವಾಲ್ವುಗಳನ್ನು ತಳ್ಳುವ ಟ್ಯಾಪೆಟ್ಟುಗಳಲ್ಲಿ ಸಡಿಲಿಕೆ ಸಿಗುತ್ತಿದ್ದರೆ ಅದು ಕಂಪ್ರೆಷನ್ನಿನ ತುದಿ. ಆ ಹೊತ್ತಿನಲ್ಲಿ ನಾಲ್ಕು ಸಿಲಿಂಡರಿನ ಸಾಲು ಎಂಜಿನ್ನಾದರೆ ನಾಲ್ಕನೆಯದರ, ಆರು ಸಿಲಿಂಡರಿನದಾದರೆ ಆರನೆಯದರ ವಾಲ್ವುಗಳು ಒಂದು ಮುಚ್ಚುತ್ತ ಇನ್ನೊಂದು ತೆರೆಯುತ್ತ ಇರುತ್ತವೆ.

ಪಂಪ್ ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುತ್ತದೆ ಎಂಬುದನ್ನೂ ಇಲ್ಲಿಯೇ ನೆನಪಿಟ್ಟುಕೊಳ್ಳಬೇಕು. ಪಂಪಿನಲ್ಲಿ ಒಂದು ಡಿಗ್ರಿ ಎಂದರೆ ಕ್ರ್ಯಾಂಕಿನಲ್ಲಿ ಎರಡು. ಪಂಪಿನ ಫ್ಲ್ಯಾಂಜ್ ನಡುವಿನಿಂದ 60 ಮಿಲಿಮೀಟರ್ ದೂರದಲ್ಲಿ ಗುರುತು ಇದ್ದರೆ ಆ ಗುರುತು ಅರ್ಧ ಮಿಲಿಮೀಟರ್ ಸರಿದಾಗಲೇ ಕ್ರ್ಯಾಂಕಿನ ಲೆಕ್ಕದಲ್ಲಿ ಸುಮಾರು ಒಂದು ಡಿಗ್ರಿ ಬದಲಾಗುತ್ತದೆ. ಅದೇ ಒಂದು ಡಿಗ್ರಿ 400 ಮಿಲಿಮೀಟರ್ ವ್ಯಾಸದ ಫ್ಲೈವೀಲಿನ ಅಂಚಿನಲ್ಲಿ ಮೂರೂವರೆ ಮಿಲಿಮೀಟರಿನಷ್ಟು ಅಗಲವಾಗಿ ಕಾಣುತ್ತದೆ. ಅಳೆಯಲು ಫ್ಲೈವೀಲ್ ಮೇಲು ಎನ್ನುವುದಕ್ಕೆ ಬೇರೆ ಕಾರಣ ಬೇಕಿಲ್ಲ.

ಇನ್‌ಲೈನ್ ಪಂಪಿಗೆ ಸ್ಪಿಲ್ ವಿಧಾನ

1927ರಲ್ಲಿ ಬಾಷ್ ಕಂಪನಿ ಇನ್‌ಲೈನ್ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಆರಂಭಿಸಿತು. ಆ ಪಂಪಿನಲ್ಲಿ ಒಂದೊಂದು ಸಿಲಿಂಡರಿಗೂ ಒಂದೊಂದು ಪ್ಲಂಜರ್ ಇರುತ್ತದೆ. ಪ್ಲಂಜರಿನ ಮೈಮೇಲೆ ಓರೆಯಾಗಿ ಕೊರೆದ ಅಂಚು ಡೆಲಿವರಿಯ ಕೊನೆಯನ್ನು ನಿರ್ಧರಿಸುತ್ತದೆ. ರ‍್ಯಾಕ್ ಎಂಬ ಸಲಾಕೆ ಪ್ಲಂಜರನ್ನು ತಿರುಗಿಸಿದಂತೆ ಈ ಕೊನೆ ಹಿಂದೆ ಮುಂದೆ ಸರಿದು ಇಂಧನದ ಪ್ರಮಾಣ ಬದಲಾಗುತ್ತದೆ. ಹೆಚ್ಚಿನ ಪಂಪುಗಳಲ್ಲಿ ಪ್ಲಂಜರಿನ ಮೇಲಂಚು ಸಮತಟ್ಟಾಗಿರುವುದರಿಂದ ಡೆಲಿವರಿಯ ಆರಂಭ ಮಾತ್ರ ಎಲ್ಲ ಲೋಡಿನಲ್ಲೂ ಒಂದೇ ಇರುತ್ತದೆ. ಆ ಸ್ಥಿರವಾದ ಆರಂಭವನ್ನು ಕಣ್ಣಿಗೆ ಕಾಣಿಸುವಂತೆ ಮಾಡುವುದೇ ಸ್ಪಿಲ್ ವಿಧಾನ. ತುಂಬ ಹಳೆಯದು, ದುಬಾರಿ ಸಾಧನ ಬೇಡದ್ದು, ಆದರೂ ಇಂದಿಗೂ ನನಗೆ ಅತ್ಯಂತ ಪ್ರಾಮಾಣಿಕವೆನಿಸುವ ವಿಧಾನ ಇದು. ಏಕೆಂದರೆ ಇಲ್ಲಿ ಗುರುತನ್ನಾಗಲಿ ಮುದ್ರಿತ ಸಂಖ್ಯೆಯನ್ನಾಗಲಿ ನಂಬದೆ, ರಂಧ್ರ ಮುಚ್ಚಿಕೊಳ್ಳುವುದನ್ನೇ ನೇರವಾಗಿ ನೋಡುತ್ತೇವೆ.

ಮೊದಲು ಪಂಪಿನ ಹೊರಮೈಯನ್ನು ಸಂಪೂರ್ಣವಾಗಿ ತೊಳೆದು ಒಣಗಿಸಬೇಕು. ಪ್ಲಂಜರಿಗೂ ಬ್ಯಾರೆಲ್ಲಿಗೂ ನಡುವೆ ಇರುವ ಸಂದು ಕೆಲವೇ ಮೈಕ್ರಾನ್. ಕಣ್ಣಿಗೆ ಕಾಣದ ಧೂಳಿನ ಕಣವೂ ಅಲ್ಲಿ ಗೀರು ಹಾಕಬಲ್ಲದು. ಬಳಿಕ ಒಂದನೇ ಸಿಲಿಂಡರಿನ ಇಂಜೆಕ್ಟರ್ ಪೈಪನ್ನು ಬಿಚ್ಚಿ, ಡೆಲಿವರಿ ವಾಲ್ವಿನ ಹೋಲ್ಡರನ್ನು ತೆಗೆದು, ಒಳಗಿನ ಸ್ಪ್ರಿಂಗನ್ನೂ ವಾಲ್ವನ್ನೂ ಹೊರತೆಗೆದು ಶುದ್ಧ ಡೀಸೆಲ್ಲಿನಲ್ಲಿ ಇಡಬೇಕು. ಹೋಲ್ಡರನ್ನು ಮರಳಿ ಕೂರಿಸಿ, ಅದರ ಮೇಲೆ ಹಂಸದ ಕೊರಳಿನಂತೆ ಬಾಗಿದ ಸ್ಪಿಲ್ ಪೈಪನ್ನು ಹಾಕಬೇಕು. ಪಂಪಿಗೆ ಇಂಧನವನ್ನು ಎತ್ತರದಲ್ಲಿ ತೂಗುಹಾಕಿದ ಸಣ್ಣ ಟ್ಯಾಂಕಿನಿಂದ ಕೊಡುವುದು ಒಳ್ಳೆಯದು. ಕೈಪಂಪನ್ನು ಒತ್ತುತ್ತಾ ಕೊಟ್ಟರೂ ಆಗುತ್ತದೆ, ಆದರೆ ಒತ್ತಿದಾಗ ಏರಿ ಬಿಟ್ಟಾಗ ಇಳಿಯುವ ಒತ್ತಡದಲ್ಲಿ ಹನಿ ಎಣಿಸುವುದು ಕಷ್ಟ.

ಇನ್ನು ಬಹಳ ಜನ ತಪ್ಪುವ ಜಾಗ ರ‍್ಯಾಕಿನ ಸ್ಥಾನ. ಸ್ಟಾಪ್ ಲಿವರ್ ನಿಲ್ಲಿಸುವ ಸ್ಥಾನದಲ್ಲಿದ್ದರೆ ಪ್ಲಂಜರಿನ ನೆಟ್ಟನೆಯ ತೋಡು ರಂಧ್ರದ ಎದುರೇ ನಿಂತಿರುತ್ತದೆ. ಆಗ ಎಂಜಿನ್ನನ್ನು ಎಷ್ಟು ತಿರುಗಿಸಿದರೂ ಇಂಧನದ ಹರಿವು ನಿಲ್ಲುವುದಿಲ್ಲ. ಇದು ಕೂಡಲೇ ಗೊತ್ತಾಗುವುದರಿಂದ ಅಪಾಯ ಕಡಿಮೆ. ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮವಾದದ್ದು. ಕೆಲವು ಪಂಪುಗಳಲ್ಲಿ, ತಣ್ಣಗಿರುವ ಎಂಜಿನ್ ಸುಲಭವಾಗಿ ಹತ್ತಲೆಂದು, ಪ್ಲಂಜರಿನ ಮೇಲಂಚಿನಲ್ಲಿ ಒಂದು ಚಿಕ್ಕ ಕಚ್ಚು ಇರುತ್ತದೆ. ರ‍್ಯಾಕ್ ಪೂರ್ತಿ ಸ್ಟಾರ್ಟಿಂಗ್ ಸ್ಥಾನಕ್ಕೆ ಹೋದಾಗ ಈ ಕಚ್ಚು ರಂಧ್ರದ ಎದುರು ಬಂದು ಡೆಲಿವರಿಯನ್ನು ತಡಮಾಡುತ್ತದೆ. ಆ ಸ್ಥಾನದಲ್ಲಿ ಅಳೆದರೆ ಸಿಗುವ ಸಂಖ್ಯೆ ಸ್ಟಾರ್ಟಿಂಗಿನದು, ಓಟದ್ದಲ್ಲ. ಅದನ್ನು ಆಧರಿಸಿ ಪಂಪನ್ನು ಹೊಂದಿಸಿದರೆ ಎಂಜಿನ್ ಓಡುವಾಗ ಹಲವು ಡಿಗ್ರಿ ಅಡ್ವಾನ್ಸ್ ಆಗಿಬಿಡುತ್ತದೆ. ಆದ್ದರಿಂದ ರ‍್ಯಾಕನ್ನು ಕೈಪಿಡಿ ಹೇಳುವ ಫುಲ್ ಲೋಡ್ ಸ್ಥಾನದಲ್ಲಿ ಕಟ್ಟಿ ನಿಲ್ಲಿಸಬೇಕು.

ಈಗ ಒಂದನೇ ಸಿಲಿಂಡರಿನ ಕಂಪ್ರೆಷನ್ ಸ್ಟ್ರೋಕಿನಲ್ಲಿ ಗುರುತಿಗಿಂತ ಸಾಕಷ್ಟು ಮುಂಚಿನ ಸ್ಥಾನಕ್ಕೆ ಎಂಜಿನ್ನನ್ನು ತಂದು ಇಂಧನವನ್ನು ಬಿಟ್ಟರೆ ಸ್ಪಿಲ್ ಪೈಪಿನ ಬಾಯಿಂದ ಎಡೆಬಿಡದ ಧಾರೆ ಬೀಳುತ್ತದೆ. ಎಂಜಿನ್ ತಿರುಗುವ ದಿಕ್ಕಿನಲ್ಲಿಯೇ, ಉದ್ದನೆಯ ಹಿಡಿಯ ಸ್ಪ್ಯಾನರಿನಿಂದ, ಅತಿ ನಿಧಾನವಾಗಿ ತಿರುಗಿಸುತ್ತ ಹೋದಂತೆ ಧಾರೆ ತೆಳ್ಳಗಾಗುತ್ತದೆ, ಎಳೆ ತುಂಡಾಗುತ್ತದೆ, ಹನಿಯಾಗುತ್ತದೆ. ಎಷ್ಟು ಸೆಕೆಂಡಿಗೆ ಒಂದು ಹನಿ ಎಂಬುದನ್ನು ತಯಾರಕರು ಬೇರೆ ಬೇರೆಯಾಗಿ ಹೇಳುತ್ತಾರೆ; ಮರ್ಸಿಡಿಸ್‌ನ ಓಎಂ617 ಎಂಜಿನ್ನಿನಲ್ಲಿ ಸೆಕೆಂಡಿಗೆ ಒಂದು ಹನಿಯ ಆಸುಪಾಸಿನಲ್ಲಿ, ಟಿಡಿಸಿಗೆ 24 ಡಿಗ್ರಿ ಮುಂಚೆ ಎಂಬ ಲೆಕ್ಕ ಪ್ರಸಿದ್ಧವಾದದ್ದು. ಆ ಹನಿಯ ಲಯ ಸಿಕ್ಕಿದಲ್ಲಿ ನಿಲ್ಲಿಸಿ ಫ್ಲೈವೀಲಿನ ಡಿಗ್ರಿಯನ್ನು ಓದಬೇಕು. ಗುರುತನ್ನು ದಾಟಿಹೋದರೆ ಅಲ್ಲಿಂದಲೇ ತುಸು ಹಿಂದಕ್ಕೆ ತಂದು ಓದಬಾರದು. ಗೇರುಗಳ ಹಲ್ಲುಗಳ ನಡುವಿನ ಸಡಿಲ ಆಗ ಇನ್ನೊಂದು ಬದಿಗೆ ಹೋಗಿ ಸುಳ್ಳು ಸಂಖ್ಯೆ ಬರುತ್ತದೆ. ಕಾಲು ಸುತ್ತಿನಷ್ಟು ಹಿಂದಕ್ಕೆ ಹೋಗಿ ಮತ್ತೆ ಸರಿಯಾದ ದಿಕ್ಕಿನಲ್ಲಿ ಬರಬೇಕು. ಅಳತೆಯನ್ನು ಮರಳಿ ಮರಳಿ ತೆಗೆದಾಗ ಸಂಖ್ಯೆಗಳು ಅರ್ಧ ಡಿಗ್ರಿಯೊಳಗೆ ಹೊಂದಿಕೊಂಡರೆ ಮಾತ್ರ ಅದನ್ನು ನಂಬಬಹುದು.

ಈ ಅಳತೆಯ ಜೊತೆಗೆ ಪಂಪಿನ ಆರೋಗ್ಯವೂ ಗೊತ್ತಾಗುತ್ತದೆ. ಧಾರೆಯಿಂದ ಹನಿಗೆ ಬರುವ ಬದಲಾವಣೆ ಸ್ಪಷ್ಟವಾಗಿರದೆ, ರಂಧ್ರ ಮುಚ್ಚಿದ ಮೇಲೂ ಜಿನುಗು ಮುಂದುವರಿಯುತ್ತಿದ್ದರೆ ಪ್ಲಂಜರ್ ಸವೆದಿರುವ ಸಾಧ್ಯತೆ ಇದೆ. ಅಂಥ ಪಂಪನ್ನು ಟೈಮಿಂಗಿನಿಂದ ಸರಿಪಡಿಸಲಾಗದು. ಮರಳಿ ಜೋಡಿಸುವಾಗ ಡೆಲಿವರಿ ವಾಲ್ವನ್ನು ಬಟ್ಟೆಯಿಂದ ಒರೆಸದೆ ಡೀಸೆಲ್ಲಿನಲ್ಲಿ ಜಾಲಾಡಿಸಿ, ಹೊಸ ಸೀಲು ಹಾಕಿ, ಹೋಲ್ಡರನ್ನು ಟಾರ್ಕ್ ಸ್ಪ್ಯಾನರಿನಿಂದ ಹೇಳಿದಷ್ಟೇ ಬಿಗಿಯಬೇಕು. ಹೆಚ್ಚು ಬಿಗಿದರೆ ಬ್ಯಾರೆಲ್ ಸೂಕ್ಷ್ಮವಾಗಿ ವಿಕಾರಗೊಂಡು ಪ್ಲಂಜರ್ ಹಿಡಿದುಕೊಳ್ಳಬಹುದು.

ವಾಲ್ವನ್ನು ಬಿಚ್ಚುವ ಈ ತೊಂದರೆಯನ್ನು ತಪ್ಪಿಸಲು ಹೆಚ್ಚಿನ ಒತ್ತಡದ ಸ್ಪಿಲ್ ಯಂತ್ರಗಳಿವೆ. ಅವು ಡೆಲಿವರಿ ವಾಲ್ವಿನ ಸ್ಪ್ರಿಂಗನ್ನು ಮೀರುವಷ್ಟು ಒತ್ತಡದಲ್ಲಿ ಇಂಧನವನ್ನು ಪಂಪಿಗೆ ನೂಕುವುದರಿಂದ ವಾಲ್ವ್ ಇದ್ದಲ್ಲೇ ಇದ್ದರೂ ಧಾರೆ ಬರುತ್ತದೆ. ಧೂಳು ಒಳಹೋಗುವ ಅವಕಾಶ ಕಡಿಮೆ, ಅಳತೆಯೂ ಚುರುಕು. ಉಳಿದ ಪ್ಲಂಜರುಗಳ ನಡುವಿನ ಅಂತರ, ಉದಾಹರಣೆಗೆ ಆರು ಸಿಲಿಂಡರಿನ ಪಂಪಿನಲ್ಲಿ 60 ಡಿಗ್ರಿಗೆ ಒಂದರಂತೆ ಬರಬೇಕಾದ ಕ್ರಮ, ಟೆಸ್ಟ್ ಬೆಂಚಿನ ಮೇಲೆ ಹೊಂದಿಸಬೇಕಾದದ್ದು. ಎಂಜಿನ್ನಿನ ಮೇಲೆ ಅದಕ್ಕೆ ಕೈಹಾಕಬಾರದು.

ವಿಇ ಪಂಪಿಗೆ ಡಯಲ್ ಗೇಜ್

ವಿಇ ಪಂಪಿನಲ್ಲಿ ಎಲ್ಲ ಸಿಲಿಂಡರುಗಳಿಗೂ ಒಂದೇ ಪ್ಲಂಜರ್. ಅದು ತಿರುಗುತ್ತಲೇ ಹಿಂದೆ ಮುಂದೆ ಚಲಿಸಿ ಸರದಿಯಂತೆ ಒಂದೊಂದು ಪೈಪಿಗೆ ಇಂಧನ ಹಂಚುತ್ತದೆ. ಇಲ್ಲಿ ಅಳೆಯುವುದು ರಂಧ್ರ ಮುಚ್ಚುವ ಕ್ಷಣವನ್ನಲ್ಲ. ಎಂಜಿನ್ ಟಿಡಿಸಿಯಲ್ಲಿ ಅಥವಾ ಕೈಪಿಡಿ ಹೇಳಿದ ಇನ್ನಾವುದೋ ಗುರುತಿನಲ್ಲಿ ನಿಂತಿರುವಾಗ ಪ್ಲಂಜರ್ ತನ್ನ ತಳದ ಸ್ಥಾನದಿಂದ ಎಷ್ಟು ಮೇಲೆದ್ದಿದೆ ಎಂಬುದನ್ನು. ಅನೇಕ ಎಂಜಿನ್ನುಗಳಲ್ಲಿ ಈ ಸಂಖ್ಯೆ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿ ಇರುತ್ತದೆ. ಆದ್ದರಿಂದ ಮಿಲಿಮೀಟರಿನ ನೂರನೇ ಭಾಗವನ್ನು ತೋರಿಸುವ ಗೇಜ್ ಬೇಕೇ ಬೇಕು.

ಪೈಪುಗಳು ಜೋಡಣೆಯಾಗುವ ತಲೆಯ ನಡುವೆ ಒಂದು ಪ್ಲಗ್ ಇರುತ್ತದೆ. ಅದನ್ನು ತೆಗೆದು, ಅಡಾಪ್ಟರನ್ನು ತಿರುಪಿ, ಅದರಲ್ಲಿ ಗೇಜನ್ನು ಎರಡು ಮೂರು ಮಿಲಿಮೀಟರ್ ಒತ್ತಿಕೊಂಡಿರುವಂತೆ ನಿಲ್ಲಿಸಬೇಕು. ಒತ್ತು ಕಡಿಮೆಯಾದರೆ ಪ್ಲಂಜರ್ ಕೆಳಗಿಳಿಯುವಾಗ ಗೇಜಿನ ಕಡ್ಡಿ ಅದನ್ನು ಹಿಂಬಾಲಿಸದೆ ಗಾಳಿಯಲ್ಲಿ ನಿಲ್ಲುತ್ತದೆ. ಬಳಿಕ ಎಂಜಿನ್ನನ್ನು ಹಿಂದಕ್ಕೆ ತಿರುಗಿಸುತ್ತ ಮುಳ್ಳು ಅತಿ ಕಡಿಮೆಗೆ ಬಂದು ಅಲುಗದೆ ನಿಲ್ಲುವ ಜಾಗವನ್ನು ಕಂಡುಕೊಂಡು ಅಲ್ಲಿ ಡಯಲನ್ನು ಸೊನ್ನೆಗೆ ತರಬೇಕು. ಎಂಜಿನ್ನನ್ನು ತುಸು ಅತ್ತಿತ್ತ ಅಲುಗಿಸಿದರೂ ಮುಳ್ಳು ಅಲ್ಲಾಡದಿದ್ದರೆ ಅದೇ ತಳದ ಸ್ಥಾನ. ಅಲ್ಲಿಂದ ಸರಿಯಾದ ದಿಕ್ಕಿನಲ್ಲಿ ಟಿಡಿಸಿಯವರೆಗೆ ತಂದು ಮುಳ್ಳು ತೋರಿಸುವುದನ್ನು ಓದಬೇಕು.

ಎರಡು ಎಚ್ಚರಿಕೆಗಳು ಇಲ್ಲಿ ಬಹಳ ಮುಖ್ಯ. ಹಲವು ವಿಇ ಪಂಪುಗಳಲ್ಲಿ ತಣ್ಣಗಿರುವಾಗ ಟೈಮಿಂಗನ್ನು ಅಡ್ವಾನ್ಸ್ ಮಾಡುವ ಲಿವರ್ ಇರುತ್ತದೆ. ಕೇಬಲ್ಲಿನಿಂದಲೋ, ಕಾದಾಗ ಹಿಗ್ಗುವ ಮೇಣದ ಡಬ್ಬಿಯಿಂದಲೋ ಅದು ಚಲಿಸುತ್ತದೆ. ಅಳೆಯುವ ಮುನ್ನ ಅದನ್ನು ಬಿಡಿಸದಿದ್ದರೆ ರೋಲರ್ ಉಂಗುರ ತನ್ನ ಸಹಜ ಜಾಗದಲ್ಲಿ ಇರುವುದಿಲ್ಲ, ಗೇಜ್ ತೋರಿಸುವುದೆಲ್ಲ ತಪ್ಪು. ಎರಡನೆಯದು, ನಾಲ್ಕು ಸಿಲಿಂಡರಿನ ಪಂಪಿನಲ್ಲಿ ಪ್ಲಂಜರ್ ಒಂದು ಸುತ್ತಿಗೆ ನಾಲ್ಕು ಬಾರಿ ಒಂದೇ ಬಗೆಯಲ್ಲಿ ಏರಿಳಿಯುತ್ತದೆ. ಡ್ರೈವ್ ಗೇರ್ ಕಾಲು ಸುತ್ತು ತಪ್ಪಿ ಕೂತಿದ್ದರೂ ಗೇಜ್ ಅದೇ ಸರಿಯಾದ ಸಂಖ್ಯೆಯನ್ನು ತೋರಿಸುತ್ತದೆ, ಆದರೆ ಇಂಧನ ಬೇರೆ ಸಿಲಿಂಡರಿಗೆ ಹೋಗುತ್ತಿರುತ್ತದೆ. ಪಂಪ್ ಯಾವ ಸಿಲಿಂಡರಿಗೆ ಸಿದ್ಧವಾಗಿದೆ ಎಂಬುದನ್ನು ಗೇರಿನ ಗುರುತು, ಕೀ, ಅಥವಾ ಪಿನ್ನಿನಿಂದ ಮೊದಲೇ ಖಚಿತಪಡಿಸಿಕೊಳ್ಳಬೇಕು. ಗೇಜ್ ಕೊಡುವುದು ಸೂಕ್ಷ್ಮ ಅಳತೆಯನ್ನು ಮಾತ್ರ.

ಗುರುತುಗಳು ಮತ್ತು ಪಿನ್ನುಗಳು

ಸಿಎವಿ ಕಂಪನಿಯ ಡಿಪಿಎ ಮಾದರಿಯ ಪಂಪಿನಲ್ಲಿ ಪಕ್ಕದ ಸಣ್ಣ ಮುಚ್ಚಳ ತೆಗೆದರೆ ಒಳಗಿನ ರೋಟರಿನ ಮೇಲೆ ಅಕ್ಷರ ಸಹಿತ ಗೆರೆ ಕಾಣಿಸುತ್ತದೆ. ಅದನ್ನು ಟೈಮಿಂಗ್ ಉಂಗುರದ ನೇರ ಅಂಚಿಗೆ ಹೊಂದಿಸುತ್ತಾರೆ. ಹೊರಗೆ ಫ್ಲ್ಯಾಂಜಿನ ಮೇಲೂ ಒಂದು ಗೆರೆ ಇರುತ್ತದೆ. ಮುಂದಿನ ಮಾದರಿಗಳಲ್ಲಿ ಶಾಫ್ಟನ್ನೇ ಟೈಮಿಂಗ್ ಸ್ಥಾನದಲ್ಲಿ ಹಿಡಿದಿಡುವ ಬೀಗದ ಬೋಲ್ಟು ಬಂದಿತು. ಎಂಜಿನ್ ಬದಿಯಲ್ಲೂ ಫ್ಲೈವೀಲಿಗೆ ಅಥವಾ ಕ್ಯಾಮ್ ಗೇರಿಗೆ ಪಿನ್ ಹಾಕಿ ನಿಲ್ಲಿಸುವ ಏರ್ಪಾಡು ಹಲವು ಕಡೆ ಇದೆ.

ಪಿನ್ ವಿಧಾನ ವೇಗವಾದದ್ದು, ತಪ್ಪಿಗೆ ಕಡಿಮೆ ಆಸ್ಪದವಿರುವಂಥದ್ದು. ಆದರೆ ಪಿನ್ ಇರುವುದು ಸ್ಥಾನ ತೋರಿಸಲಿಕ್ಕೆ, ಬಲ ತಡೆಯಲಿಕ್ಕಲ್ಲ. ಗೇರಿನ ನಟ್ಟನ್ನು ಬಿಗಿಯುವಾಗ ಅಥವಾ ಸಡಿಲಿಸುವಾಗ ಪಿನ್ನಿನ ಮೇಲೆ ಭಾರ ಬಿಟ್ಟರೆ ಅದು ಮುರಿಯುತ್ತದೆ ಅಥವಾ ಬಾಗುತ್ತದೆ. ಕೆಲಸ ಮುಗಿದ ಮೇಲೆ ಪಿನ್ನನ್ನು ಹೊರತೆಗೆಯದೆ ಸ್ಟಾರ್ಟರ್ ಹಾಕಿದರೆ ಆಗುವ ಹಾನಿಗೆ ಪಂಪಿನ ಅರ್ಧ ಬೆಲೆ ತೆರಬೇಕಾಗಬಹುದು. ಕೀ ಇಲ್ಲದೆ ಬರಿಯ ಟೇಪರ್ ಮೇಲೆ ಗೇರ್ ಕೂರುವ ಪಂಪುಗಳಲ್ಲಿ ಟೇಪರ್ ಮತ್ತು ಗೇರಿನ ಒಳಮೈ ಎರಡನ್ನೂ ಎಣ್ಣೆಯ ಪಸೆಯಿಲ್ಲದಂತೆ ಒರೆಸಿ ಒಣಗಿಸಿ, ನಟ್ಟಿಗೆ ಪೂರ್ತಿ ಟಾರ್ಕ್ ಕೊಡಬೇಕು. ಇಲ್ಲದಿದ್ದರೆ ಭಾರ ಬಿದ್ದಾಗ ಗೇರ್ ಜಾರಿ ಟೈಮಿಂಗ್ ತಾನಾಗಿ ಬದಲಾಗುತ್ತದೆ.

ಎಂಜಿನ್ ಓಡುತ್ತಿರುವಾಗ ಅಳೆಯುವುದು

ಇಲ್ಲಿಯವರೆಗಿನ ವಿಧಾನಗಳೆಲ್ಲ ನಿಂತಿರುವ ಎಂಜಿನ್ನಿಗೆ. ಓಡುವಾಗ ಅಳೆಯಲು ಟೈಮಿಂಗ್ ಲೈಟ್ ಬಳಸುತ್ತಾರೆ, ಆದರೆ ಡೀಸೆಲ್ಲಿನಲ್ಲಿ ಕಿಡಿಯ ತಂತಿ ಇಲ್ಲದಿರುವುದರಿಂದ ಬೆಳಕಿಗೆ ಸೂಚನೆ ಕೊಡಲು ಬೇರೆ ದಾರಿ ಬೇಕು. ಒತ್ತಡದ ಅಲೆ ಹಾದುಹೋಗುವಾಗ ಉಕ್ಕಿನ ಪೈಪ್ ಅತಿ ಸೂಕ್ಷ್ಮವಾಗಿ ಹಿಗ್ಗುತ್ತದೆ. ಪೈಪಿಗೆ ಕಚ್ಚಿಸಿದ ಪೀಜೋ ಕ್ಲ್ಯಾಂಪ್ ಆ ಹಿಗ್ಗನ್ನು ವಿದ್ಯುತ್ ಸಂಕೇತವಾಗಿ ಬದಲಿಸುತ್ತದೆ. ಕ್ಲ್ಯಾಂಪ್ ಪೈಪಿನ ವ್ಯಾಸಕ್ಕೆ ಸರಿಯಾಗಿ ಹೊಂದಬೇಕು. 6 ಮಿಲಿಮೀಟರ್ ಪೈಪಿನ ಕ್ಲ್ಯಾಂಪ್ ಕಾಲಂಗುಲದ, ಅಂದರೆ 6.35 ಮಿಲಿಮೀಟರಿನ ಪೈಪಿಗೆ ಸಲ್ಲದು. ಪೈಪಿನ ನೇರವಾದ ಭಾಗವನ್ನು ಆಯ್ದು, ಬಣ್ಣವನ್ನೂ ತುಕ್ಕನ್ನೂ ತೆಗೆದು, ಪಕ್ಕದ ಪೈಪಿಗೆ ತಾಗದಂತೆ ಕೂರಿಸಬೇಕು. ಕ್ಲ್ಯಾಂಪ್ ಪಂಪಿನ ಹತ್ತಿರವಿದೆಯೋ ಇಂಜೆಕ್ಟರಿನ ಹತ್ತಿರವಿದೆಯೋ ಎಂಬುದರ ಮೇಲೆ ಸಂಖ್ಯೆ ಬದಲಾಗುವುದು ಮೇಲಿನ ಲೆಕ್ಕದಿಂದಲೇ ತಿಳಿಯುತ್ತದೆ. ಆದ್ದರಿಂದ ಈ ಅಳತೆಯನ್ನು ಸ್ಪಿಲ್ ಟೈಮಿಂಗಿನ ಸಂಖ್ಯೆಯೊಡನೆ ಹೋಲಿಸಬಾರದು.

ಈ ವಿಧಾನದ ನಿಜವಾದ ಬೆಲೆ ಇರುವುದು ಬೇರೆಡೆ. ಐಡಲಿನಿಂದ ವೇಗವನ್ನು ನಿಧಾನವಾಗಿ ಏರಿಸುತ್ತ ಗುರುತು ಸರಿಯುವುದನ್ನು ನೋಡಿದರೆ ಅಡ್ವಾನ್ಸ್ ವ್ಯವಸ್ಥೆ ಕೆಲಸ ಮಾಡುತ್ತಿದೆಯೇ, ಸಿಕ್ಕಿಹಾಕಿಕೊಂಡಿದೆಯೇ ಎಂಬುದು ತಿಳಿಯುತ್ತದೆ. ನಿಂತ ಎಂಜಿನ್ನಿನಲ್ಲಿ ಇದನ್ನು ಅರಿಯಲು ದಾರಿಯಿಲ್ಲ. ತಣ್ಣಗಿರುವ ಎಂಜಿನ್ನನ್ನು ಹಚ್ಚಲು ಕಾಯಿಸುವ ಗ್ಲೋ ಪ್ಲಗ್ಗಿನ ರಂಧ್ರದಲ್ಲಿ ಕೂರಿಸುವ ಬೆಳಕಿನ ಸೆನ್ಸರ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಉರಿ ಹತ್ತಿದ ಕ್ಷಣವನ್ನೇ ಹಿಡಿಯುತ್ತದೆ. ಕೊನೆಗೆ ಎಂಜಿನ್ನಿಗೆ ಬೇಕಾದದ್ದು ಅದೇ ಕ್ಷಣ. ಆದರೆ ಇಂಧನ ಎಷ್ಟು ಬೇಗ ಹೊತ್ತಿಕೊಳ್ಳುತ್ತದೆ ಎಂಬುದನ್ನು ಹೇಳುವ ಸೀಟೇನ್ ಸಂಖ್ಯೆ, ಕಂಪ್ರೆಷನ್, ಎಂಜಿನ್ನಿನ ಬಿಸಿ ಎಲ್ಲವೂ ಅದನ್ನು ಅಲುಗಿಸುವುದರಿಂದ ಎಂಜಿನ್ ಪೂರ್ತಿ ಕಾದಿರಬೇಕು, ಉಳಿದೆಲ್ಲ ಭಾಗಗಳು ಸರಿಯಿರಬೇಕು.

ಕಿವಿಯಿಂದ ಟೈಮಿಂಗ್ ಇಡುವ ಅಭ್ಯಾಸವನ್ನು ನಾನು ಒಪ್ಪಲಾರೆ. ಟೈಮಿಂಗನ್ನು ಅಡ್ವಾನ್ಸ್ ಮಾಡಿದಂತೆ ಸದ್ದು ಗಡುಸಾಗುತ್ತದೆ, ಎಂಜಿನ್ ಚುರುಕಾದಂತೆ ತೋರುತ್ತದೆ, ಬಿಳಿಹೊಗೆ ಮಾಯವಾಗುತ್ತದೆ, ಕೇಳುವವರಿಗೆ ತೃಪ್ತಿಯಾಗುತ್ತದೆ. ಆದರೆ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಒತ್ತಡ ತುತ್ತತುದಿಗೆ ಏರುವುದರಿಂದ ಹೆಡ್ ಗ್ಯಾಸ್ಕೆಟ್, ಪಿಸ್ಟನ್, ಬೇರಿಂಗ್‌ಗಳ ಮೇಲೆ ಬೀಳುವ ಭಾರ ಕಿವಿಗೆ ಕೇಳಿಸುವುದಿಲ್ಲ. ಹೆಚ್ಚು ರಿಟಾರ್ಡ್ ಆದರೆ, ಅಂದರೆ ತಡವಾದರೆ, ತಣ್ಣಗಿರುವಾಗ ಬಿಳಿಹೊಗೆ, ಭಾರ ಎಳೆಯುವಾಗ ಶಕ್ತಿಯ ಕೊರತೆ, ಕಪ್ಪುಹೊಗೆ, ಎಕ್ಸಾಸ್ಟಿನ ಬಿಸಿ, ಇಂಧನದ ಹೆಚ್ಚು ಖರ್ಚು. ಇದೇ ಲಕ್ಷಣಗಳು ಕೆಟ್ಟ ನಾಜಲ್ಲಿನಿಂದಲೂ, ಕಡಿಮೆ ಕಂಪ್ರೆಷನ್ನಿನಿಂದಲೂ, ಇಂಧನದ ದಾರಿಯಲ್ಲಿ ಸೇರಿದ ಗಾಳಿಯಿಂದಲೂ ಬರುತ್ತವೆ. ಹಿಂದೆ ಸರಿಯಿದ್ದ ಟೈಮಿಂಗ್ ತಾನಾಗಿ ಬದಲಾಗಿದ್ದರೆ ಚೈನ್ ಉದ್ದವಾಗಿದೆಯೇ, ಬೆಲ್ಟ್ ಒಂದು ಹಲ್ಲು ಹಾರಿದೆಯೇ, ಕೀ ತುಂಡಾಗಿದೆಯೇ ಎಂದು ಹುಡುಕಬೇಕೇ ಹೊರತು ಪಂಪನ್ನು ತಿರುಗಿಸಿ ರೋಗವನ್ನು ಮುಚ್ಚಬಾರದು.

ಸರಿಸುವುದು, ಬಿಗಿಯುವುದು, ಮತ್ತೆ ನೋಡುವುದು

ಫ್ಲ್ಯಾಂಜಿನಲ್ಲಿ ಉದ್ದ ತೂತುಗಳಿರುವ ಪಂಪನ್ನು ಅದರ ಶಾಫ್ಟ್ ತಿರುಗುವ ದಿಕ್ಕಿಗೆ ಎದುರಾಗಿ ತಿರುಗಿಸಿದರೆ ಟೈಮಿಂಗ್ ಅಡ್ವಾನ್ಸ್ ಆಗುತ್ತದೆ, ಅದೇ ದಿಕ್ಕಿಗೆ ತಿರುಗಿಸಿದರೆ ರಿಟಾರ್ಡ್ ಆಗುತ್ತದೆ. ಸರಿಸುವ ಮೊದಲು ಫ್ಲ್ಯಾಂಜ್ ಮತ್ತು ಎಂಜಿನ್ನಿನ ಮೇಲೆ ಒಟ್ಟಿಗೆ ಒಂದು ಗೀರು ಹಾಕಿಕೊಂಡರೆ ಹೊರಟ ಜಾಗಕ್ಕೆ ಮರಳುವ ದಾರಿ ಇರುತ್ತದೆ. ಉಕ್ಕಿನ ಪೈಪುಗಳನ್ನು ಎರಡೂ ತುದಿಯಲ್ಲಿ ಸಡಿಲಿಸದೆ ಪಂಪನ್ನು ತಿರುಗಿಸಬಾರದು. ಬಿಗಿತದಲ್ಲಿ ಉಳಿದ ಪೈಪ್ ಮುಂದೆ ಬಿರುಕು ಬಿಡುತ್ತದೆ. ಬೋಲ್ಟುಗಳನ್ನು ಬಿಗಿಯುವಾಗ ಪಂಪ್ ತುಸು ಜರುಗುವುದು ಸಾಮಾನ್ಯ. ಆದುದರಿಂದ ಬಿಗಿದ ಬಳಿಕ ಎಂಜಿನ್ನನ್ನು ಎರಡು ಪೂರ್ತಿ ಸುತ್ತು ತಿರುಗಿಸಿ ಅಳತೆಯನ್ನು ಮೊದಲಿನಿಂದ ತೆಗೆಯಬೇಕು. ಬಿಗಿಯುವ ಮುನ್ನ ಸಿಕ್ಕ ಸಂಖ್ಯೆಗೆ ಬೆಲೆಯಿಲ್ಲ.

ಗಾಳಿ ತೆಗೆದು ಎಂಜಿನ್ ಹಚ್ಚುವಾಗ ಸೋರಿಕೆಯನ್ನು ಬೆರಳಿನಿಂದ ಹುಡುಕಬಾರದು. ನೂರಾರು ಬಾರ್ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನು ತೂರಿ ಒಳಹೋಗುತ್ತದೆ. ಹೊರಗೆ ಸಣ್ಣ ಚುಕ್ಕೆಯಷ್ಟೇ ಕಂಡರೂ ಅದು ತಕ್ಷಣ ಆಸ್ಪತ್ರೆಗೆ ಧಾವಿಸಬೇಕಾದ ಗಾಯ. ರಟ್ಟಿನ ತುಂಡನ್ನು ಪೈಪಿನ ಸುತ್ತ ಆಡಿಸಿ ನೋಡಬೇಕು. ಪಂಪನ್ನು ಬಿಚ್ಚಿ ಜೋಡಿಸಿದ್ದರೆ, ರ‍್ಯಾಕ್ ಸಿಕ್ಕಿಕೊಂಡು ಎಂಜಿನ್ ಹತೋಟಿ ಮೀರಿ ವೇಗ ಹಿಡಿದರೆ ಗಾಳಿಯ ದಾರಿಯನ್ನು ಮುಚ್ಚಲು ಗಟ್ಟಿಯಾದ ಹಲಗೆಯೊಂದನ್ನು ಪಕ್ಕದಲ್ಲೇ ಇಟ್ಟುಕೊಂಡಿರಬೇಕು. ಅಂಗೈಯಿಂದ ಮುಚ್ಚಲು ಹೋಗಬಾರದು.

ಎಲೆಕ್ಟ್ರಾನಿಕ್ ಹತೋಟಿಯ ವಿಇ ಪಂಪುಗಳಲ್ಲಿ ಒಂದು ಇಂಜೆಕ್ಟರಿನೊಳಗೆ ಸೂಜಿ ಏಳುವುದನ್ನು ಅರಿಯುವ ಸೆನ್ಸರ್ ಇರುತ್ತದೆ. ಕಂಪ್ಯೂಟರ್ ಅದನ್ನು ನೋಡಿ ಟೈಮಿಂಗನ್ನು ಕ್ಷಣಕ್ಷಣಕ್ಕೂ ತಿದ್ದುತ್ತದೆ, ಆದರೂ ಪಂಪಿನ ಆರಂಭದ ನೆಲೆ ಕಂಪ್ಯೂಟರಿನ ತಿದ್ದುವಿಕೆಯ ಮಿತಿಯೊಳಗೆ ಬಿದ್ದಿರಬೇಕು. ಅದನ್ನು ಸ್ಕ್ಯಾನರ್ ಹಾಕಿ, ಇಂಧನದ ತಾಪವನ್ನು ಗಮನಿಸಿ ಹೊಂದಿಸುತ್ತಾರೆ. 1997ರಲ್ಲಿ ಕಾರುಗಳಿಗೆ ಬಂದ ಕಾಮನ್ ರೈಲ್ ವ್ಯವಸ್ಥೆಯಲ್ಲಿ ಒತ್ತಡ ತಯಾರಿಸುವುದು ಮತ್ತು ಇಂಧನ ಚಿಮ್ಮಿಸುವುದು ಎರಡೂ ಬೇರೆಯಾದವು. ಅಲ್ಲಿ ಪಂಪ್ ರೈಲಿನಲ್ಲಿ ಒತ್ತಡವನ್ನು ತುಂಬಿಡುತ್ತದೆ, ಚಿಮ್ಮುವ ಕ್ಷಣವನ್ನು ಕ್ರ್ಯಾಂಕ್ ಮತ್ತು ಕ್ಯಾಮ್ ಸೆನ್ಸರುಗಳನ್ನು ನೋಡಿಕೊಂಡು ಕಂಪ್ಯೂಟರ್ ಇಂಜೆಕ್ಟರಿಗೆ ಹೇಳುತ್ತದೆ. ಅಂಥ ಎಂಜಿನ್ನಿನಲ್ಲಿ ಟೈಮಿಂಗ್ ತಪ್ಪಿದೆಯೆಂಬ ಅನುಮಾನ ಬಂದರೆ ಪಂಪಿನ ಬೋಲ್ಟುಗಳನ್ನು ಮುಟ್ಟದೆ ಕ್ರ್ಯಾಂಕ್ ಸೆನ್ಸರ್, ಅದು ನೋಡುವ ಹಲ್ಲಿನ ಚಕ್ರ, ಮತ್ತು ಕ್ಯಾಮಿನ ಚೈನ್ ಅಥವಾ ಬೆಲ್ಟಿನಿಂದ ಪರೀಕ್ಷೆಯನ್ನು ಆರಂಭಿಸಬೇಕು.